ಬೇಡ ಎಂದವಳ ಮನೆಗೆ ಮತ್ತೆ ಹೋಗಲೇ?

ಪ್ರಶ್ನೆ:

ಮೇಡಂ, ನನಗೆ 54 ವರ್ಷ. ತವರು ಮೈಸೂರು. ಮದುವೆಯಾಗಿ ತಿರುಪ್ಪೂರಿಗೆ ಬಂದು ಮೂವತ್ತು ವರ್ಷದ ಹತ್ತಿರವಾಯಿತು. ಯಜಮಾನರು ಬನಿಯನ್ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು, ಈಗ ನಿವೃತ್ತರು. ನಾವು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯವರು. ಇಲ್ಲಿ ಆರಾಧನೆ ತಮಿಳಿನಲ್ಲಿ ನಡೆಯುತ್ತದೆ, ಮನೆಯಲ್ಲಿ ನಾನು ಓದುವುದು ಮಾತ್ರ ಈಗಲೂ ಕನ್ನಡ ಬೈಬಲ್.

ಈ ವರ್ಷ ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸ ಕಾಲದ ಸೇವೆಯ ಹೊಣೆಯನ್ನು ನಮ್ಮ ಸ್ತ್ರೀಯರ ಅನ್ಯೋನ್ಯ ಕೂಟ ನನಗೆ ಕೊಟ್ಟಿತು. ಹಿಡಿ ಅಕ್ಕಿಯ ಕಾಣಿಕೆ, ಲೆಂಟ್ ಡಬ್ಬಿಯ ದುಡ್ಡು ಎಲ್ಲ ಸೇರಿಸಿ ಐದು ಕೆಜಿ ಅಕ್ಕಿ, ಒಂದು ಕೆಜಿ ಬೇಳೆ, ಎಣ್ಣೆ ಪಾಕೀಟು ಇಟ್ಟು ಚೀಲ ಕಟ್ಟಿದೆವು. ಚೀಲದ ಮೇಲೆ ಸಭೆಯ ಹೆಸರಿನ ಸ್ಟಿಕ್ಕರ್. ಶನಿವಾರ ಸಂಜೆ ಪಲ್ಲಡಂ ರಸ್ತೆ ಕಡೆಯ ಲೈನ್ ಮನೆಗಳಿಗೆ ಹೋಗಿ ಹೊರಗಿನಿಂದ ಬಂದ ಕೆಲಸಗಾರರಿಗೆ ಕೊಡುವುದು, ಡಯಾಸಿಸ್ ಪತ್ರಿಕೆಗೆಂದು ನಮ್ಮ ಯುವಕನೊಬ್ಬ ಫೋಟೋ ತೆಗೆಯುವುದು, ಹೀಗೆ ನಡೆದಿತ್ತು.

ಎರಡನೇ ವಾರ ಒಂದು ಕೋಣೆಯಲ್ಲಿ ನಾಲ್ಕು ಹುಡುಗಿಯರಿದ್ದರು. ಒಬ್ಬಳು ಕನ್ನಡದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. ರಾಯಚೂರು ಕಡೆ, ಲಿಂಗಸುಗೂರು ಅಂದಳು. ನನಗೆ ಎಷ್ಟು ಖುಷಿಯಾಯಿತು ಅಂದರೆ, ತವರಿನ ಮಗಳು ಸಿಕ್ಕ ಹಾಗೆ. ಚೀಲ ಕೊಡಲು ಹೋದೆ. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡು, "ಆಂಟಿ, ನಾವು ಬೇಡಾಕ ಬಂದಿಲ್ರಿ, ದುಡಿಯಾಕ ಬಂದೀವಿ. ಫೋಟೋ ತೆಗೀಬ್ಯಾಡ್ರಿ" ಅಂದಳು. ಉಳಿದ ಮೂವರೂ ತೆಗೆದುಕೊಳ್ಳಲಿಲ್ಲ. ಪಕ್ಕದ ಮನೆಯ ಹೆಂಗಸು, "ಅಕ್ಕಿ ಕೊಟ್ಟು ನಿಮ್ಮ ಮತಕ್ಕೆ ಸೇರಿಸಿಕೊಳ್ಳೋಕೆ ಬಂದಿದೀರಾ" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

ಕೂಟದ ಕಾರ್ಯದರ್ಶಿ, "ಬಿಡಿ, ಬೇರೆ ಬೀದಿಗೆ ಹೋದರಾಯಿತು" ಅನ್ನುತ್ತಾರೆ. ಅಂದಿನಿಂದ ನನಗೆ ನಿದ್ದೆ ಸರಿಯಿಲ್ಲ. ನಾನು ಮಾಡುತ್ತಿದ್ದದ್ದು ಸೇವೆಯೋ, ಹೆಸರಿನ ಆಸೆಯೋ? ಮಧ್ಯಾಹ್ನ ಮೂರರವರೆಗೆ ಉಪವಾಸ ಇರುತ್ತೇನೆ. ಸಕ್ಕರೆ ಕಾಯಿಲೆಗೆ ಮಾತ್ರೆ ಇದೆ. ಎರಡು ಸಲ ತಲೆ ಸುತ್ತಿತು. ಯಜಮಾನರು, "ಈ ಉಸಾಬರಿ ನಿನಗೆ ಯಾಕೆ" ಅಂತ ಸಿಡಿಯುತ್ತಾರೆ. ಈಸ್ಟರ್‌ವರೆಗೆ ಹೇಗೋ ಮುಗಿಸಿ ಕೈಬಿಡಲೇ? ಆ ಹುಡುಗಿಯ ಹತ್ತಿರ ಇನ್ನೊಮ್ಮೆ ಹೋಗುವುದು ತಪ್ಪೇ?

– ಹೆಸರು ಬೇಡ, ತಿರುಪ್ಪೂರು

ಉತ್ತರ:

ಅಮ್ಮ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೋಗಿ. ಚೀಲವಿಲ್ಲದೆ, ಫೋಟೋದ ಹುಡುಗನಿಲ್ಲದೆ, ಕೂಟದ ಇನ್ನೊಬ್ಬ ಹೆಂಗಸನ್ನು ಮಾತ್ರ ಜೊತೆಗೆ ಕರೆದುಕೊಂಡು ಹೋಗಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ಹುಡುಗಿ ತಮಿಳಿನಲ್ಲೋ ಹಿಂದಿಯಲ್ಲೋ ಬೇಡ ಅಂದಿದ್ದರೆ ನಿಮಗೆ ಇಷ್ಟು ನೋವಾಗುತ್ತಿರಲಿಲ್ಲ. ತವರಿನ ಮಾತು ಕಿವಿಗೆ ಬಿದ್ದ ಸಂತೋಷದಲ್ಲಿ ಮುಂದೆ ಹೋದಿರಿ, ಅದೇ ಮಾತಿನಲ್ಲಿ ಬೇಡ ಅನ್ನಿಸಿಕೊಂಡಿರಿ. ಅದು ನೋಯುವ ಜಾಗ. ಆದರೆ ಅವಳು ಹೇಳಿದ್ದನ್ನು ಇನ್ನೊಮ್ಮೆ ಕೇಳಿ ನೋಡಿ. ನಿಮ್ಮನ್ನು ಬೈಯಲಿಲ್ಲ, "ನೀವು ಯಾರು" ಅನ್ನಲಿಲ್ಲ, ಬಾಗಿಲು ಹಾಕಲಿಲ್ಲ. ನಾವು ದುಡಿಯುವವರು ಅಂದಳು, ಫೋಟೋ ಬೇಡ ಅಂದಳು. ಅಂಥ ಚೀಲಗಳನ್ನು ಪಡೆದ ಎಷ್ಟೋ ಮನೆಗಳಲ್ಲಿ ಇದೇ ಮಾತು ಹೇಳಲಾಗದೆ ಉಳಿದಿರುತ್ತದೆ. ಅವಳು ಹೇಳಿದಳು. ನಿಮ್ಮ ಕೂಟಕ್ಕೆ ಈ ಲೆಂಟ್‌ನಲ್ಲಿ ಸಿಕ್ಕ ಅತ್ಯಂತ ಉಪಯುಕ್ತ ಸಲಹೆ ಅದು. ಬೀದಿ ಬದಲಾಯಿಸಿದರೆ ಆ ಸಲಹೆಯೂ ಹೋಗುತ್ತದೆ.

ಹೆಸರಿನ ಆಸೆ ಇತ್ತೇ ಎಂದು ಕೇಳಿದ್ದೀರಿ. ಸ್ವಲ್ಪ ಇದ್ದಿರಬಹುದು, ಯಾರಿಗಿಲ್ಲ? ಅದನ್ನು ಅಳೆಯುತ್ತಾ ರಾತ್ರಿ ಕಳೆಯಬೇಡಿ. ನಿಮ್ಮ ಮನಸ್ಸಿನೊಳಗಿನದ್ದು ಆ ಹುಡುಗಿಗೆ ಕಾಣಿಸಲಿಲ್ಲ. ಅವಳಿಗೆ ಕಾಣಿಸಿದ್ದು ಸ್ಟಿಕ್ಕರ್ ಮತ್ತು ಕ್ಯಾಮೆರಾ. ಅವೆರಡನ್ನು ತೆಗೆಯುವುದು ನಿಮ್ಮ ಕೈಯಲ್ಲಿದೆ.

ನಿಮ್ಮ ಮನೆಯ ಹಿಡಿ ಅಕ್ಕಿಯನ್ನೇ ನೋಡಿ. ಒಲೆ ಹಚ್ಚುವ ಮೊದಲು ಹೆಂಗಸರು ಒಂದು ಹಿಡಿ ತೆಗೆದು ಪಕ್ಕಕ್ಕಿಡುತ್ತಾರೆ. ಅದಕ್ಕೆ ಯಾರೂ ಫೋಟೋ ತೆಗೆಯುವುದಿಲ್ಲ, ಯಾವ ಮನೆಯದು ಎಷ್ಟು ಎಂದು ಯಾರೂ ಕೇಳುವುದಿಲ್ಲ. ಅಷ್ಟು ಸದ್ದಿಲ್ಲದೆ ಕೂಡಿದ ಅಕ್ಕಿ ಕೊಡುವ ಹೊತ್ತಿಗೆ ಮಾತ್ರ ಸದ್ದು ಮಾಡಿತು. ಬೂದಿ ಬುಧವಾರದ ಆರಾಧನೆಯಲ್ಲಿ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯ ಓದುವುದು ವಾಡಿಕೆ. ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ನೋಡುವವರಿಗಾಗಿ ಮಾಡಬೇಡಿ ಎಂಬ ಬುದ್ಧಿಮಾತು ಅದರಲ್ಲಿದೆ. ನಲವತ್ತು ದಿನಗಳ ಬಾಗಿಲಲ್ಲೇ ಆ ಮಾತು ನಿಂತಿದೆ. ಕಾರ್ಯದರ್ಶಿಯವರ ಮುಂದೆ ಫೋಟೋದ ವಿಷಯ ಎತ್ತುವಾಗ ನಿಮಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಡಯಾಸಿಸ್ ಪತ್ರಿಕೆಗೆ ಇಷ್ಟು ಕಾಣಿಕೆ ಬಂತು, ಇಷ್ಟು ಖರ್ಚಾಯಿತು ಎಂದು ನಾಲ್ಕು ಸಾಲು ಬರೆದು ಕಳುಹಿಸಿ. ಲೆಕ್ಕ ಕೊಡುವುದು ಸಭೆಯವರಿಗೆ ಸಲ್ಲಬೇಕಾದ ಮರ್ಯಾದೆ. ಅದಕ್ಕೆ ಪಡೆದವರ ಮುಖ ಬೇಕಾಗಿಲ್ಲ.

ಇನ್ನು ಅಕ್ಕಿಯ ವಿಷಯ. ನಿಮ್ಮ ಊರಿನ ಬನಿಯನ್ ಕಂಪನಿಗಳಲ್ಲಿ ವಾರದ ಸಂಬಳ ಕೈಗೆ ಬರುವುದು ಹೆಚ್ಚಾಗಿ ಶನಿವಾರ. ಇದು ನನಗಿಂತ ನಿಮ್ಮ ಯಜಮಾನರಿಗೆ ಚೆನ್ನಾಗಿ ಗೊತ್ತು. ವಾರವೆಲ್ಲ ಒಂದೂವರೆ ಶಿಫ್ಟ್ ದುಡಿದು, ಸಂಬಳ ಎಣಿಸಿಕೊಂಡು, ಊರಿಗೆ ಎಷ್ಟು ಕಳಿಸಲಿ ಎಂದು ಲೆಕ್ಕ ಹಾಕುತ್ತಾ ಕೂತ ಹೊತ್ತಿಗೆ ಬಾಗಿಲಲ್ಲಿ ಉಚಿತ ಅಕ್ಕಿ ಬಂದು ನಿಂತರೆ ಹೇಗಿರುತ್ತದೆ? ಅವಳಿಗೆ ಕಷ್ಟ ಇಲ್ಲವೆಂದು ನಾನು ಹೇಳುತ್ತಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇ 50ರಷ್ಟು ಸುಂಕ ಹಾಕಿದಾಗ ತಿರುಪ್ಪೂರಿನ ಆರ್ಡರ್‌ಗಳಿಗೆ ದೊಡ್ಡ ಪೆಟ್ಟು ಬಿತ್ತು. ಆರ್ಡರ್ ಕಡಿಮೆಯಾದರೆ ಓವರ್‌ಟೈಮ್ ಮೊದಲು ಹೋಗುತ್ತದೆ, ಆಮೇಲೆ ಶಿಫ್ಟ್, ಆಮೇಲೆ ಕೆಲಸವೇ. 2011ರಲ್ಲಿ ನೊಯ್ಯಲ್ ನದಿಯ ಮಾಲಿನ್ಯದ ಪ್ರಕರಣದಲ್ಲಿ ಹೈಕೋರ್ಟ್ ಆದೇಶದಿಂದ ಡೈಯಿಂಗ್ ಘಟಕಗಳು ಮುಚ್ಚಿದಾಗಲೂ ನೀವು ಇದನ್ನು ಕಂಡಿರುತ್ತೀರಿ. ಆದರೆ ಅವಳ ಕಷ್ಟ ಯಾವುದು ಎಂದು ಅವಳೇ ಹೇಳಬೇಕು. ನಾವು ಊಹಿಸಿ ಚೀಲ ಕಟ್ಟಿದರೆ, ಜೋಳದ ರೊಟ್ಟಿ ತಿನ್ನುವ ಹುಡುಗಿಗೆ ಅಕ್ಕಿ ಕೊಟ್ಟು ಬಂದಿರುತ್ತೇವೆ.

ನಿಮ್ಮ ಬೈಬಲಿನಲ್ಲೇ ಇದರ ಪಾಠವಿದೆ. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಹೊಲದ ಮೂಲೆಯವರೆಗೆ ಕೊಯ್ಯಬೇಡಿ, ಬಿದ್ದ ತೆನೆ ಆರಿಸಬೇಡಿ, ಬಡವರಿಗೂ ಪರದೇಶದವರಿಗೂ ಬಿಡಿ ಎಂಬ ಕಟ್ಟಳೆ ಬರುತ್ತದೆ. ಮನೆಗೆ ಒಯ್ದು ಹಂಚಿ ಎಂದು ಹೇಳಿಲ್ಲ. ಹೊಲದಲ್ಲೇ ಬಿಟ್ಟರೆ ಅವರು ಬಂದು ತಮ್ಮ ಕೈಯಾರೆ ಆರಿಸಿಕೊಳ್ಳುತ್ತಾರೆ. ರೂತಳು ಹಾಗೆ ಆರಿಸಲು ಬಂದವಳು, ಮೋವಾಬ್ ದೇಶದಿಂದ ಬೆತ್ಲೆಹೇಮಿಗೆ ಬಂದ ಪರದೇಶಿ ಹೆಣ್ಣು. ಹೊಲದ ಒಡೆಯ ಬೋವಜ ಏನು ಮಾಡಿದ ನೋಡಿ. ಊಟದ ಹೊತ್ತಿನಲ್ಲಿ ಅವಳನ್ನು ಕೊಯ್ಯುವವರ ಸಾಲಿನಲ್ಲೇ ಕೂರಿಸಿಕೊಂಡ. ಆಮೇಲೆ ಆಳುಗಳಿಗೆ, ಕಟ್ಟಿನಿಂದ ಬೇಕೆಂದೇ ಒಂದಿಷ್ಟು ತೆನೆ ಬೀಳಿಸಿ, ಅವಳು ಆರಿಸಿಕೊಂಡರೆ ಗದರಬೇಡಿ ಎಂದು ಹೇಳಿದ. ಕೊಟ್ಟದ್ದು ಕೊಟ್ಟ ಹಾಗೆ ಕಾಣಬಾರದು ಎಂಬ ಎಚ್ಚರ ಅವನಿಗಿತ್ತು.

ನಿಮ್ಮ ಲಿಂಗಸುಗೂರಿನ ಹುಡುಗಿಯ ಸೀಮೆಯಲ್ಲೂ ಇಂಥದೇ ಕಥೆಯಿದೆ. ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಆ ತಾಲೂಕಿನ ಅಮರೇಶ್ವರದವರು ಎನ್ನುತ್ತಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ನಮಗೆ ಇಷ್ಟು ಬೇಕಿಲ್ಲ, ಹೆಚ್ಚಿನದನ್ನು ಅಲ್ಲೇ ಹಾಕಿ ಬನ್ನಿ ಎಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು. ಬಡತನವಿದ್ದ ಮನೆಯಲ್ಲೂ ಬೇಡ ಅನ್ನುವ ಗತ್ತು ಇತ್ತು. ನಿಮ್ಮ ಹುಡುಗಿ ಆ ಗತ್ತಿನ ಮಣ್ಣಿನಿಂದ ಬಂದವಳು ಎಂದುಕೊಳ್ಳಿ, ಅವಮಾನ ಅರ್ಧ ಇಳಿಯುತ್ತದೆ.

ಹಾಗಾದರೆ ಮಾಡುವುದೇನು? ನಿಮ್ಮ ಮನೆಯಲ್ಲಿ ಅಕ್ಕಿಗಿಂತ ಬೆಲೆಬಾಳುವ ಎರಡು ಆಸ್ತಿಗಳಿವೆ. ಒಂದು, ಕನ್ನಡವೂ ತಮಿಳೂ ಬಲ್ಲ ನೀವು. ಇನ್ನೊಂದು, ಕಂಪನಿಯ ಲೆಕ್ಕ ಬರೆದ ನಿಮ್ಮ ಯಜಮಾನರು.

ಹೊರಗಿನಿಂದ ಬಂದ ಕೆಲಸಗಾರರಿಗೆ ಅನೇಕ ಸಲ ಇರುವ ಹಕ್ಕೇ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಕಚೇರಿಯಲ್ಲಿ ಮಾತು ಬರುವುದಿಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ಕಾರ್ಖಾನೆ ಕೆಲಸಗಾರರು ಇಎಸ್‌ಐ ವಿಮೆಯ ವ್ಯಾಪ್ತಿಗೆ ಬರುತ್ತಾರೆ. ಅವರ ಸಂಬಳದಿಂದ ಹಿಡಿಯುವುದು ಶೇ 0.75, ಮಾಲೀಕರು ಕಟ್ಟುವುದು ಶೇ 3.25. ಕಂತಿನ ಷರತ್ತು ಪೂರೈಸಿದ್ದರೆ ಕಾಯಿಲೆಯ ರಜೆಗೆ ವರ್ಷದಲ್ಲಿ 91 ದಿನಗಳವರೆಗೆ ಸಂಬಳದ ಶೇ 70 ಸಿಗುತ್ತದೆ. ಆದರೆ ಜ್ವರ ಬಂದರೆ ಸಂಬಳ ಕಳೆದುಕೊಂಡು ಕೋಣೆಯಲ್ಲಿ ಮಲಗುವವರೇ ಹೆಚ್ಚು. ಕಂಪನಿ ಬದಲಾಯಿಸಿದಾಗ ಹಳೆಯ ಪಿಎಫ್ ಅನೇಕ ಸಲ ಅಲ್ಲೇ ಉಳಿದಿರುತ್ತದೆ, ಆಧಾರ್‌ನ ಹೆಸರಿಗೂ ಪಿಎಫ್ ದಾಖಲೆಯ ಹೆಸರಿಗೂ ಒಂದಕ್ಷರ ಹೊಂದದಿದ್ದರೆ ದುಡ್ಡು ಬಿಡಿಸುವುದು ಕಷ್ಟವಾಗುತ್ತದೆ. ಪಡಿತರವೂ ಹಾಗೆಯೇ. 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆ ತಮಿಳುನಾಡಿನಲ್ಲಿ 2020ರ ಅಕ್ಟೋಬರ್‌ನಿಂದ ಇದೆ. ಊರಿನ ಬಿಪಿಎಲ್ ಅಥವಾ ಅಂತ್ಯೋದಯ ಚೀಟಿಗೆ ಆಧಾರ್ ಜೋಡಿಸಿದ್ದರೆ, ತಿರುಪ್ಪೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಊರಿನಲ್ಲಿರುವ ಮನೆಯವರು ತಮ್ಮ ಪಾಲು ಅಲ್ಲೇ ಪಡೆಯಬಹುದು. ನಿಮ್ಮ ಐದು ಕೆಜಿ ಒಂದು ಸಲಕ್ಕೆ, ಇದು ತಿಂಗಳು ತಿಂಗಳು ಬರುವಂಥದ್ದು. ಅದೂ ಅವಳದೇ ಹಕ್ಕಿನದು.

ಯೆಶಾಯನ ಪುಸ್ತಕದ 58ನೆಯ ಅಧ್ಯಾಯದಲ್ಲಿ ದೇವರಿಗೆ ಮೆಚ್ಚಿಕೆಯಾದ ಉಪವಾಸ ಯಾವುದು ಎಂಬ ಪ್ರಶ್ನೆ ಬರುತ್ತದಲ್ಲ, ಅಲ್ಲಿನ ಕ್ರಮ ಗಮನಿಸಿ. ಕಟ್ಟು ಬಿಚ್ಚುವುದು, ನೊಗ ಮುರಿಯುವುದು ಮೊದಲು. ಹಸಿದವರ ಜೊತೆ ರೊಟ್ಟಿ ಹಂಚಿಕೊಳ್ಳುವುದು ಅದರ ಬೆನ್ನಿಗೆ. ಪಿಎಫ್ ಅರ್ಜಿ ತುಂಬುವುದು ಲೆಂಟ್ ಸೇವೆಯೇ ಎಂದು ಕೂಟದಲ್ಲಿ ಯಾರಾದರೂ ಮೂಗು ಮುರಿದರೆ ಆ ಅಧ್ಯಾಯ ತೆರೆದು ಓದಿಸಿ.

ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ಸಭೆಯ ಹಾಲ್ ತೆರೆದಿಡಿ. ಅದು ಅವರ ರಜೆಯ ದಿನ. ಟೀ, ಸುಂಡಲ್, ಎರಡು ಮೇಜು, ಪೆನ್ನು, ಇಂಟರ್ನೆಟ್ ಇರುವ ಒಂದು ಫೋನ್ ಸಾಕು. ಒಂದು ಮೇಜಿನಲ್ಲಿ ನಿಮ್ಮ ಯಜಮಾನರು ಕೂರಲಿ. "ಈ ಉಸಾಬರಿ ಯಾಕೆ" ಅನ್ನುವ ಗಂಡಸರು ಅನೇಕರು ತಮಗೆ ಕೆಲಸವಿಲ್ಲದ್ದಕ್ಕೆ ಹಾಗನ್ನುತ್ತಾರೆ. ಇಎಸ್‌ಐ ಕಾಗದ ಕೈಗೆ ಕೊಟ್ಟು ನೋಡಿ. ಹಾಡು, ಪ್ರಸಂಗ, ಕರಪತ್ರ ಆ ಎರಡು ಗಂಟೆಯಲ್ಲಿ ಬೇಡ. ಅಕ್ಕಿ ಬೇಕಾದವರಿಗೆ ಅದೂ ಇರಲಿ, ಸ್ಟಿಕ್ಕರ್ ಇಲ್ಲದ ಚೀಲದಲ್ಲಿ, ಕೇಳಿದವರಿಗೆ, ವಾರದ ನಡುವೆ ಕೈ ಬರಿದಾದಾಗ. ಈ ವರ್ಷ (2026) ಬೂದಿ ಬುಧವಾರ ಫೆಬ್ರುವರಿ 18ಕ್ಕೆ ಬಂತು, ಅದೇ ವಾರ ರಂಜಾನ್ ಉಪವಾಸವೂ ಆರಂಭವಾಯಿತು. ಬಿಹಾರ, ಬಂಗಾಳದಿಂದ ಬಂದವರಲ್ಲಿ ಮುಸ್ಲಿಮರೂ ಇರುತ್ತಾರೆ. ರಂಜಾನ್ ಮುಗಿಯುವವರೆಗೆ ಸಂಜೆ ಬಂದವರ ಕೈಗೆ ಟೀ ಲೋಟ ಕೊಡುವ ಮುಂಚೆ ಒಂದು ಮಾತು ಕೇಳಿ.

ಕೆಲವು ಎಚ್ಚರಗಳು. ಕಂಪನಿ ಹಾಸ್ಟೆಲಿನೊಳಗೆ ಅನುಮತಿಯಿಲ್ಲದೆ ಹೋಗಬೇಡಿ. ನೀವು ಹೊರಟ ಮೇಲೆ ವಾರ್ಡನ್ ಸಿಟ್ಟು ಹುಡುಗಿಯರ ಮೇಲೆ ಇಳಿಯುತ್ತದೆ. ಕೊಯಮತ್ತೂರು, ತಿರುಪ್ಪೂರು ಕಡೆಯ ನೂಲಿನ ಗಿರಣಿಗಳಲ್ಲಿ ಮದುವೆಗೆ ದುಡ್ಡು ಕೂಡುತ್ತದೆ ಎಂಬ ಆಸೆ ತೋರಿಸಿ ಮೂರು ವರ್ಷ ದುಡಿಸಿಕೊಳ್ಳುವ 'ಸುಮಂಗಲಿ' ಪದ್ಧತಿಯ ಬಗ್ಗೆ ನೀವು ಕೇಳಿಯೇ ಇರುತ್ತೀರಿ. ಯಾರಾದರೂ ಸಂಬಳ ತಡೆಹಿಡಿದಿದ್ದಾರೆ, ಹೊರಗೆ ಬಿಡುವುದಿಲ್ಲ, ಸೂಪರ್‌ವೈಸರ್ ಕಾಟ ಕೊಡುತ್ತಾನೆ ಎಂದು ಹೇಳಿದರೆ ನೀವೇ ಕಂಪನಿಗೆ ಹೋಗಿ ಜಗಳ ತೆಗೆಯಬೇಡಿ. ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100, ಹದಿನೆಂಟು ತುಂಬದ ಹುಡುಗಿಯಾದರೆ 1098. ಫೋನ್ ಮಾಡುವುದೋ ಬೇಡವೋ ಎಂಬ ನಿರ್ಧಾರ ದೊಡ್ಡವಳಾದರೆ ಅವಳದೇ ಇರಲಿ. ಅವಳು ಹೇಳಿದ್ದನ್ನು ಪ್ರಾರ್ಥನಾ ಕೂಟದಲ್ಲಿ ಹೆಸರು ಹಿಡಿದು ಪ್ರಾರ್ಥಿಸುವುದೂ ಬೇಡ. ಪ್ರಾರ್ಥನೆಯ ಮೂಲಕವೂ ಗುಟ್ಟು ಊರೆಲ್ಲ ಹರಡುತ್ತದೆ.

ಪಕ್ಕದ ಮನೆಯವಳ ಮಾತಿಗೆ ಬರೋಣ. ಅವಳ ದನಿ ಒರಟಾಗಿತ್ತು, ಆದರೆ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ನಿಮ್ಮ ಕೂಟದಲ್ಲಿ ಒಬ್ಬೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಮುಂದಿನ ಸಭೆಯಲ್ಲಿ ಬಾಯಿಬಿಟ್ಟು ಮಾತಾಡಿಕೊಳ್ಳಿ. ಚೀಲ ಪಡೆದವರು ನಾಳೆ ಆರಾಧನೆಗೆ ಬರಲಿ ಎಂಬ ನಿರೀಕ್ಷೆ ಇದ್ದರೆ, ಆ ನಿರೀಕ್ಷೆಯನ್ನು ಚೀಲದಿಂದ ಬೇರೆ ಮಾಡಿ. ನಿಮ್ಮ ನಂಬಿಕೆಯನ್ನು ಕೇಳುವವರಿಗೆ ಹೇಳುವ ಸ್ವಾತಂತ್ರ್ಯ ಸಂವಿಧಾನ ಕೊಟ್ಟಿದೆ. ಹಸಿವಿನ ಜೊತೆ, ಕಷ್ಟದ ಜೊತೆ ಅದನ್ನು ತಳುಕು ಹಾಕಿದರೆ ನಂಬಿಕೆಯ ಬೆಲೆ ಇಳಿಯುತ್ತದೆ. ಆ ಹೆಂಗಸನ್ನೂ ಭಾನುವಾರ ಟೀಗೆ ಕರೆಯಿರಿ. ಅವಳ ಮನೆಯ ಪಿಎಫ್ ಕಾಗದವೂ ಎಲ್ಲೋ ಸಿಕ್ಕಿಹಾಕಿಕೊಂಡಿರಬಹುದು. ಬಂದು ಕೂತು ನೋಡಿದವಳಿಗೆ ನೀವು ಉತ್ತರ ಹೇಳುವ ಅಗತ್ಯ ಬೀಳುವುದಿಲ್ಲ.

ಕನ್ನಡದವರಿಗೆ ಇಷ್ಟೆಲ್ಲ ಯಾಕೆ ಎಂದು ಕೂಟದಲ್ಲಿ ಗೊಣಗಿದರೆ ಎರಡು ಸಂಗತಿ ನೆನಪಿಸಿ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಕೊಯಮತ್ತೂರು ಸೀಮೆಯ ದೇವಾಂಗ ನೇಕಾರರ, ಒಕ್ಕಲಿಗರ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಇನ್ನು ನಿಮ್ಮ ಸಭೆಯಾದರೂ ಎಲ್ಲಿಂದ ಬಂತು? ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಎಂದು ಬೇರೆ ಬೇರೆ ರೀತಿಯಲ್ಲಿ ಆರಾಧಿಸುತ್ತಿದ್ದವರು 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಕೂಡಿ ಆದದ್ದು ದಕ್ಷಿಣ ಭಾರತ ಸಭೆ. ನಿಮ್ಮ ಕೊಯಮತ್ತೂರು ಡಯಾಸಿಸ್‌ನ ಮೊದಲ ಬಿಷಪ್ ಎ.ಜೆ. ಅಪ್ಪಾಸಾಮಿ ಅವರು ಕ್ರಿಸ್ತನ ದಾರಿಯನ್ನು ಭಕ್ತಿಮಾರ್ಗವಾಗಿ ಕಂಡು, ಅದನ್ನೇ ಹೆಸರಾಗಿಟ್ಟು 1927ರಲ್ಲಿ ಪುಸ್ತಕ ಬರೆದವರು. ಈ ನೆಲದ ಭಕ್ತರ ಮಾತಿಗೆ ಕಿವಿಗೊಟ್ಟವರು. ಅಂಥವರ ಡಯಾಸಿಸ್‌ನಲ್ಲಿ ಇನ್ನೊಂದು ಭಾಷೆಗೆ ಒಂದು ಮೇಜು ಹಾಕುವುದು ಹೊಸ ಸಾಹಸವೇನಲ್ಲ. ಒಡಿಯಾ, ಹಿಂದಿ ಬಲ್ಲವರು ನಿಮ್ಮ ಸಭೆಯಲ್ಲಿದ್ದರೆ ಅವರಿಗೂ ಒಂದೊಂದು ಕುರ್ಚಿ ಹಾಕಿ.

ಈಗ ನಿಮ್ಮ ಆರೋಗ್ಯ. ಇದರಲ್ಲಿ ಸಲಹೆಗಿಂತ ಒತ್ತಾಯವೇ ಹೆಚ್ಚು. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತವೆ. ಎರಡು ಸಲ ತಲೆ ಸುತ್ತಿದ್ದು ಎಚ್ಚರಿಕೆ. ವೈದ್ಯರನ್ನು ಕಾಣುವವರೆಗೆ ಉಪವಾಸ ನಿಲ್ಲಿಸಿ. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ನಿಮ್ಮ ಸಭೆಯಲ್ಲಿ ಲೆಂಟ್ ಉಪವಾಸ ಅವರವರ ಇಚ್ಛೆಗೆ ಬಿಟ್ಟದ್ದು. ಮಾಂಸ ಬಿಡುವವರಿದ್ದಾರೆ, ಸೀರಿಯಲ್ ಬಿಡುವವರಿದ್ದಾರೆ, ಹೊಸ ಸೀರೆ ಬೇಡ ಅನ್ನುವವರಿದ್ದಾರೆ. ಹೊತ್ತುಹೊತ್ತಿಗೆ ಉಂಡು ಬೇರೇನಾದರೂ ಬಿಟ್ಟರೆ ದೇವರು ಲೆಕ್ಕದಲ್ಲಿ ಕಡಿಮೆ ಹಿಡಿಯುವುದಿಲ್ಲ.

ಆ ಹುಡುಗಿಯ ಹತ್ತಿರ ಹೋದಾಗ ಏನು ಹೇಳಲಿ ಅನ್ನುತ್ತೀರೇನೋ. ಉದ್ದ ಕ್ಷಮಾಪಣೆ ಬೇಡ, ಅವಳು ನಿಮ್ಮನ್ನು ಸಮಾಧಾನ ಮಾಡುವ ಹಾಗಾಗಬಾರದು. "ನೀನು ಹೇಳಿದ್ದು ಸರಿ ಇತ್ತಮ್ಮ, ಫೋಟೋ ನಿಲ್ಲಿಸಿದೀವಿ. ಭಾನುವಾರ ಸಂಜೆ ಹಾಲಿನಲ್ಲಿ ಇಎಸ್‌ಐ, ರೇಷನ್ ಕಾಗದ ನೋಡಿಕೊಡ್ತೀವಿ, ಕನ್ನಡದಲ್ಲೇ ಮಾತಾಡಬಹುದು" ಎನ್ನಿ, ಅಷ್ಟು ಸಾಕು. ಆ ಮಾತು ನಿಜವಾಗಬೇಕಾದರೆ ಮೊದಲು ಫೋಟೋ ನಿಂತಿರಬೇಕು, ಹಾಲ್ ತೆರೆದಿರಬೇಕು. ಅವಳು ಮತ್ತೆ ಬೇಡ ಅಂದರೆ, ಸರಿ ಎಂದು ಬನ್ನಿ. ಬಂದರೆ, ಬರೀ ಕಾಗದ ತುಂಬಿಸಿಕೊಂಡು ಹೋಗುವವಳಾಗಿ ಕೂರಿಸಬೇಡಿ. ನಾಲ್ಕು ವಾರದ ನಂತರ ಹೊಸದಾಗಿ ಬಂದ ಹುಡುಗಿಯರಿಗೆ ದಾರಿ ಹೇಳುವ ಕುರ್ಚಿಯಲ್ಲಿ ಅವಳೇ ಕೂರಬಹುದು.

ಈಸ್ಟರ್‌ವರೆಗೆ ಮುಗಿಸಿ ಕೈಬಿಡಲೇ ಎಂದಿರಿ. ಚೀಲದ ಕೆಲಸವನ್ನು ಬೇಕಾದರೆ ಈಗಲೇ ಬಿಡಿ. ಹಾಲ್ ತೆರೆಯುವ ಕೆಲಸಕ್ಕೆ ಲೆಂಟ್ ಮುಗಿಯುವ ದಿನ ಗಡುವಾಗದಿರಲಿ. ಈ ವರ್ಷ ಗರಿಗಳ ಭಾನುವಾರ ಮಾರ್ಚ್ 29ಕ್ಕೆ, ಈಸ್ಟರ್ ಏಪ್ರಿಲ್ 5ಕ್ಕೆ. ಏಪ್ರಿಲ್ 12ರ ಭಾನುವಾರ ನಾಲ್ಕು ಗಂಟೆಗೆ ಹಾಲಿನ ಬೀಗ ಯಾರು ತೆಗೆಯುತ್ತಾರೆ ಎಂಬುದನ್ನು ಮುಂದಿನ ಕೂಟದಲ್ಲೇ ಹೆಸರು ಬರೆದು ನಿರ್ಧರಿಸಿ.